ಸೀಮೆಎಣ್ಣೆ ಕೈಯ ಅತ್ತೆ

ಭಾನುವಾರ ಸಂಜೆ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಅತ್ತೆಯ ಎಡಗೈ ಕಾರಿನ ಡ್ಯಾಶ್‌ಬೋರ್ಡನ್ನು ಅದುಮಿ ಹಿಡಿಯಿತು. ಹಿಂದಿನ ಸೀಟಿನಲ್ಲಿದ್ದ ನನಗೆ ಆ ಗಳಿಗೆಯಲ್ಲಿ ಕಂಡದ್ದು ಆ ಕೈಯೊಂದೇ. ಸೀಮೆಎಣ್ಣೆಯಲ್ಲಿ ನೆಂದು ನೆಂದು ಬಿಳಿಚಿಕೊಂಡ ಬೆರಳ ತುದಿಗಳು, ಯಾವ ಸೋಪಿಗೂ ಬಗ್ಗದೆ ಉಗುರಿನ ಸಂದಿಯಲ್ಲಿ ಉಳಿದ ಕಪ್ಪು, ಎರಡು ಹಸಿರು ಗಾಜಿನ ಬಳೆ. ಅದಕ್ಕೆ ಸ್ವಲ್ಪ ಮೊದಲು ಕಾರಿನ ಅಡಿಯಲ್ಲಿ ‘ಟಣ್’ ಎಂದು ಒಂದು ಸದ್ದಾಗಿತ್ತು. ಮಾವ ಸ್ಟೇರಿಂಗನ್ನು ಬಲಕ್ಕೆ ತಿರುಗಿಸಿದರು. ಬಲ ಚಕ್ರ ಮಾತು ಕೇಳಿತು. ಎಡ ಚಕ್ರ ಕೇಳಲಿಲ್ಲ. ಅದು ತನ್ನ ಪಾಡಿಗೆ ನಾಲೆಯ ಕಡೆ ಹೊರಟಿತ್ತು.

ನಾಲೆಗೆ ಬೀಳಲಿಲ್ಲ, ಬೇವಿನ ಮರವೊಂದು ತಡೆಯಿತು. ಮರ ಇದ್ದದ್ದು ಪುಣ್ಯ ಎಂದು ಆಮೇಲೆ ಎಷ್ಟೋ ಜನ ಹೇಳಿದರು. ಸ್ಟೇರಿಂಗ್ ಒದ್ದ ಏಟಿಗೆ ಮಾವನ ಬಲ ಮಣಿಕಟ್ಟು ಪುಡಿಯಾಗಿತ್ತು. ಸ್ಪ್ಯಾನರ್ ಇಲ್ಲದೆ ನಟ್ಟು ಬಿಚ್ಚುತ್ತಾರೆ ಎಂದು ತುಮಕೂರಿನ ಬಟವಾಡಿಯಲ್ಲಿ ಹೆಸರಾಗಿದ್ದ ಕೈ ಅದು. ಇವತ್ತಿಗೂ ಅವರು ಕಾಫಿ ಲೋಟ ಹಿಡಿಯುವುದು ಎಡಗೈಯಲ್ಲಿ. ಇದನ್ನು ಅತ್ತೆಯ ನೆನಪಿಗೆಂದು ಬರೆಯುತ್ತಿದ್ದೇನೆ. ಆದರೆ ಇದಕ್ಕೆಲ್ಲ ಕಾರಣನಾದ ಆ ಕುಣಿಗಲ್‌ನವನನ್ನು ಬಿಟ್ಟು ಅತ್ತೆಯನ್ನು ನೆನೆಯುವುದು ನನಗೆ ಸಾಧ್ಯವಿಲ್ಲ. ಅವನನ್ನು ಕ್ಷಮಿಸಿದ್ದೇನೆ ಎಂದು ಬರೆದರೆ ಸುಳ್ಳಾಗುತ್ತದೆ.

ಅತ್ತೆ ನನ್ನ ಅಪ್ಪನ ಅಕ್ಕ. ಡಿಗ್ರಿ ಓದಲು ತುಮಕೂರಿಗೆ ಬಂದ ನಾನು ಅವರ ಮನೆಯಲ್ಲೇ ಉಳಿದು, ಇಲ್ಲಿನ ಕಾಲೇಜೊಂದರಲ್ಲಿ ಕಾಮರ್ಸ್ ಪಾಠ ಮಾಡುವ ಕೆಲಸ ಹಿಡಿದೆ. ಮನೆಯ ಮುಂಭಾಗವೇ ಅಂಗಡಿ. ಅಲ್ಲಿ ಸಿಗುತ್ತಿದ್ದುದು ಹಳೆಯ ಕಾರುಗಳ ಬಿಡಿಭಾಗ ಮಾತ್ರ. ಕಂಪನಿಗಳು ಮಾಡುವುದನ್ನು ನಿಲ್ಲಿಸಿ ಎಷ್ಟೋ ಕಾಲವಾದಂಥವು. ಮಾವ ಬಿಚ್ಚುವವರು, ಅತ್ತೆ ತೊಳೆಯುವವರು, ಮಾರುವವರೂ ಅವರೇ. ರೇಷನ್ನಿನಲ್ಲಿ ಸೀಮೆಎಣ್ಣೆ ನಿಂತ ಮೇಲೂ ಎಲ್ಲಿಂದಲೋ ಹೊಂದಿಸಿ ತರುತ್ತಿದ್ದರು. ಪಕ್ಕದ ಕ್ಲಿನಿಕ್ಕಿಗೆ ಬಂದವರು ಆ ವಾಸನೆಗೆ ಮೂಗು ಮುಚ್ಚಿಕೊಂಡರೆ, “ಚೆನ್ನಾಗಿ ಎಳ್ಕೋ ತಾಯಿ, ಡಾಕ್ಟ್ರು ಫೀಸ್ ಉಳೀತದೆ” ಎನ್ನುತ್ತಿದ್ದರು.

ಹಳೆಯ ಸಾಮಾನನ್ನು ಮಾರುವ ಮೊದಲು ಎಷ್ಟು ತೊಳೆಯಬೇಕು ಎಂಬುದರಲ್ಲಿ ಅತ್ತೆಗೆ ಒಂದು ಹಟವಿತ್ತು. ಒಣ ಬ್ರಷ್ಷಿನಲ್ಲಿ ಮಣ್ಣು ಕೆದರಿ, ಸೀಮೆಎಣ್ಣೆ ತುಂಬಿದ ಬಾಣಲೆಯಲ್ಲಿ ನೆನೆಸಿ, ಹಿತ್ತಾಳೆ ಬ್ರಷ್ಷಿನಿಂದ ಉಜ್ಜಿ, ವಸಂತನರಸಾಪುರದ ಫ್ಯಾಕ್ಟರಿಯಿಂದ ಮೂಟೆಯಲ್ಲಿ ಬರುವ ಚಿಂದಿ ಬಟ್ಟೆಯಿಂದ ಒರೆಸುತ್ತಿದ್ದರು. ಅಚ್ಚಿನ ನಂಬರು ಓದುವಂತಾಗಬೇಕು, ಬೆರಳಿಗೆ ಕಬ್ಬಿಣ ಸಿಗಬೇಕು. ಅಲ್ಲಿಗೆ ಕೈ ನಿಲ್ಲುತ್ತಿತ್ತು. ಪಾಲಿಶ್ ಇಲ್ಲ. ಪೇಂಟಿನ ಡಬ್ಬಕ್ಕೆ ಅಂಗಡಿಯೊಳಗೆ ಜಾಗವೇ ಇರಲಿಲ್ಲ.

“ಕೊಳೆ ರಸ್ತೇದು ಕಣೇ, ತುಕ್ಕು ಅದ್ರದ್ದು. ರಸ್ತೇದನ್ನ ಮಾತ್ರ ತೆಗೀತೀನಿ” ಎನ್ನುತ್ತಿದ್ದರು.

ಯಾರಾದರೂ ಗಿರಾಕಿ ಇನ್ನೊಂದು ಚೂರು ಹೊಳೆಯುವಂತೆ ಮಾಡಿಕೊಡಿ ಎಂದರೆ, “ಹೊಳೆಯೋದು ಬೇಕಾದ್ರೆ ಪಾತ್ರೆ ಅಂಗಡಿಗೋಗಿ ಸಾಮಿ” ಎಂದು ದಾರಿ ತೋರಿಸುತ್ತಿದ್ದರು. ಹಾಗೆಂದು ಕೊಳೆಯಲ್ಲೇ ಬಿಡುವವರೂ ಅಲ್ಲ. “ಮಣ್ಣು ಮೆತ್ಕೊಂಡಿರೋದನ್ನ ಹಂಗೇ ಮಾರಿದ್ರೂ ಕಳ್ತನ, ಬಣ್ಣ ಬಳ್ದು ಮಾರಿದ್ರೂ ಕಳ್ತನ. ತಗೊಳ್ಳೋನ ಕಣ್ಣು ಕಬ್ಬಿಣ ಮುಟ್ಬೇಕು.”

ಕೊನೆಗೆ ಒಂದು ಪರೀಕ್ಷೆ. ಸೀಮೆಎಣ್ಣೆಯಲ್ಲಿ ನೆನೆದ ಭಾಗವನ್ನು ಒಣಗುವ ಹಾಗೆ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಉದುರಿಸುವುದು. ಎಲ್ಲಾದರೂ ಕೂದಲೆಳೆಯಷ್ಟು ಬಿರುಕಿದ್ದರೆ ಒಳಗೆ ಇಳಿದಿದ್ದ ಎಣ್ಣೆ ನಿಧಾನವಾಗಿ ಹೊರಬಂದು ಬಿಳಿ ಪುಡಿಯ ಮೇಲೆ ಗೆರೆ ಎಳೆಯುತ್ತದೆ. ಅದಕ್ಕೆ ಬೇಕಾದ ಸೀಮೆಸುಣ್ಣ ನಾನು ಕಾಲೇಜಿನಿಂದ ತರುತ್ತಿದ್ದ ತುಂಡುಗಳು. ಅತ್ತೆ ಅದನ್ನು ಕುಟ್ಟಿ ಹಳೆಯ ಕುಂಕುಮದ ಭರಣಿಯಲ್ಲಿ ತುಂಬಿಡುತ್ತಿದ್ದರು. ಗೆರೆ ಬಂದ ಸಾಮಾನಿನ ಮೇಲೆ ಉಳಿಯಿಂದ ಮೂರು ಚುಕ್ಕೆ ಹೊಡೆದು ಗುಜರಿಗೆ ಹಾಕುತ್ತಿದ್ದರು. ಮೂರು ಚುಕ್ಕೆ ಎಂದರೆ ಕರಗಿಸಲು ಮಾತ್ರ ಎಂದು ತುಮಕೂರು, ಗುಬ್ಬಿ, ಕುಣಿಗಲ್‌ನ ಈ ಕಸುಬಿನವರಿಗೆಲ್ಲ ಗೊತ್ತಿತ್ತು.

“ಒಡ್ದು ಹಾಕ್ಬಾರ್ದಾ?” ಎಂದು ಮಾವ ಒಮ್ಮೆ ಕೇಳಿದ್ದರು.

“ಅಷ್ಟು ವರ್ಷ ಜನರನ್ನ ಹೊತ್ತಿರೋದು. ಸುತ್ತಿಗೆ ಎತ್ತೋಕೆ ಕೈ ಬರಲ್ಲ. ಚುಕ್ಕೆ ಐತಲ್ಲ, ಸಾಕು” ಎಂದಿದ್ದರು ಅತ್ತೆ.

ಕುಣಿಗಲ್‌ನವನು ಕೆಲವು ವರ್ಷ ಅತ್ತೆಯ ಜೊತೆಗೇ ಕೆಲಸ ಮಾಡಿದವನು. ಸೀಮೆಸುಣ್ಣದ ಪರೀಕ್ಷೆ ಕಲಿತದ್ದು ಇಲ್ಲೇ. ಆಮೇಲೆ ಸ್ವಂತ ಅಂಗಡಿ ಇಟ್ಟ. ಅವನ ಅಂಗಡಿ ಪೂಜೆಗೆ ನಾವೆಲ್ಲ ಹೋಗಿದ್ದೆವು. ಗೋಡೆಯ ತುಂಬ ಕಪ್ಪಗೆ ಮಿರಿಮಿರಿ ಮಿಂಚುವ ಸಾಮಾನು.

“ಏನ್ಲಾ ಇದು, ಸಾಮಾನು ಮಾರ್ತಿದೀಯೋ ಕನ್ನಡಿ ಮಾರ್ತಿದೀಯೋ?” ಎಂದು ಅತ್ತೆ ಕೇಳಿದರು.

“ಜನ ಮುಖ ನೋಡ್ಕೊಂಡು ಕಾಸು ಕೊಡ್ತಾರೆ, ಬಿಡಕ್ಕ” ಎಂದು ಅವನು ನಕ್ಕಿದ್ದ. ನಾನೂ ನಕ್ಕಿದ್ದೆ.

ಆ ಭಾನುವಾರ ನಾವು ಗುಬ್ಬಿಗೆ ಹೋಗಿದ್ದು ನೆಂಟರ ಮಗುವಿನ ನಾಮಕರಣಕ್ಕೆ. ಅಲ್ಲಿ ಮಾವನ ಪರಿಚಯದ ಹಿರಿಯರೊಬ್ಬರ ಬಳಿ ಅರವತ್ತರ ದಶಕದ ಪುಟ್ಟ ಕಾರಿತ್ತು. ಬ್ರೇಕ್ ಕೆಲಸಕ್ಕೆ ತುಮಕೂರಿಗೆ ತೆಗೆದುಕೊಂಡು ಹೋಗಿ ಎಂದು ಅವರು ಕೀಲಿ ಕೊಟ್ಟರು. ಹತ್ತುವ ಮೊದಲು ಅತ್ತೆ ಮುಂದಿನ ಚಕ್ರದ ಹಿಂದೆ ಬಗ್ಗಿ ನೋಡಿದರು.

“ಇದ್ಯಾಕೆ ಹಿಂಗೆ ಹೊಳೀತೈತೆ? ಒಂದ್ಸಲ ಒರೆಸಿ ನೋಡೋಣ.”

“ಮನೆಗೋಗಿ ನೋಡಿದ್ರಾಯ್ತು ಬುಡು. ರೇಷ್ಮೆ ಸೀರೆ ಉಟ್ಕೊಂಡು ಕಾರಿನ ಕೆಳಗೆ ತೂರ್ಬೇಡ” ಎಂದರು ಮಾವ.

ಈ ಎರಡು ಮಾತು ನನ್ನ ತಲೆಯಲ್ಲಿ ಎಷ್ಟು ಸಲ ತಿರುಗಿದೆಯೋ ಗೊತ್ತಿಲ್ಲ. ಪ್ರತಿ ಸಲವೂ ಅತ್ತೆ ಸೀರೆ ಎತ್ತಿ ಕಟ್ಟಿ ಕೆಳಗೆ ತೂರುತ್ತಾರೆ, ಒರೆಸುತ್ತಾರೆ, ನಾವು ಬಸ್ಸಿಗೆ ಹೋಗುತ್ತೇವೆ. ಆಮೇಲೆ ‘ಟಣ್’ ಎನ್ನುತ್ತದೆ.

ಮುರಿದದ್ದು ಸ್ಟೇರಿಂಗ್ ಆರ್ಮ್. ಚಕ್ರವನ್ನು ತಿರುಗಿಸುವ ಗೇಣುದ್ದದ ಕಬ್ಬಿಣದ ತೋಳು. ಎಡಕ್ಕೊಂದು ಬಲಕ್ಕೊಂದು ಇರುತ್ತದೆ. ಮಾವನನ್ನು ಆಪರೇಷನ್ ಥಿಯೇಟರಿಗೆ ಒಯ್ದ ಮೇಲೆ ಅತ್ತೆ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಸೆರಗಿನ ಗಂಟು ಬಿಚ್ಚಿದರು. ಅದರಲ್ಲಿ ಆ ಮುರಿದ ತುಂಡಿತ್ತು.

“ನಿನ್ ಬ್ಯಾಗಲ್ಲಿ ಉಗುರು ಬಣ್ಣ ತೆಗೆಯೋ ನೀರು ಐತಾ?”

ಇತ್ತು. ಕರವಸ್ತ್ರಕ್ಕೆ ಸುರಿದುಕೊಂಡು ಉಜ್ಜತೊಡಗಿದರು. ಕಪ್ಪು ಪೇಂಟು ಕರಗಿತು, ಅದರ ಕೆಳಗೆ ತುಂಬಿದ್ದ ಮೆತ್ತನೆ ಪುಟ್ಟಿ ಎದ್ದು ಬಂತು. ಪುಟ್ಟಿಯ ಕೆಳಗೆ ಮೂರು ಚುಕ್ಕೆ ಕಂಡವು.

“ಇದು ನಂದೇ ಕಣೇ” ಎಂದರು ಅತ್ತೆ. ಅವರ ದನಿ ಹಾಗೆ ಇಳಿದದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ತುಂಡನ್ನು ಮಗುಚಿ ನೋಡಿ ನನ್ನ ಕಡೆ ತಿರುಗಿದರು. “ಒಂದೇ ಗಾಡಿದು ಎರಡೂ ಸೀಳಿತ್ತು. ಎರಡಕ್ಕೂ ಚುಕ್ಕೆ ಹೊಡ್ದು ಒಟ್ಟಿಗೇ ಹಾಕಿದ್ದೆ. ಎಡಗಡೇದು ಇಲ್ಲೈತೆ. ಬಲಗಡೇದು ಯಾರ ಕಾರಲ್ಲೈತೆ?”

ಗುಬ್ಬಿಯ ಹಿರಿಯರನ್ನು ಕೇಳಿದಾಗ ಅವರು ಅದನ್ನು ಕೊಂಡದ್ದು ಕುಣಿಗಲ್‌ನಲ್ಲಿ ಎಂದು ತಿಳಿಯಿತು. ಅವನು ಗುಜರಿಯಿಂದ ಎತ್ತಿ, ಬಣ್ಣ ಬಳಿದು ಮಾರಿದ್ದ. ನಾನು ಪೊಲೀಸರಿಗೆ ದೂರು ಕೊಡಿಸಿದೆ. ಹಳೇ ಸಾಮಾನಿಗೆ ರಸೀದಿ ಯಾರು ಕೊಡುತ್ತಾರೆ? ತಾನು ಮಾರಿಯೇ ಇಲ್ಲ ಎಂದುಬಿಟ್ಟ ಅವನು. ಮಾವ ಮಲಗಿದ್ದಲ್ಲಿಂದಲೇ “ಕೈ ತಾನೇ ಹೋಗಿದ್ದು, ಜೀವ ಐತಲ್ಲ, ಬುಡು” ಎಂದರು.

“ನೀವು ಬುಡಿ. ನಾನು ಬುಡಲ್ಲ” ಎಂದರು ಅತ್ತೆ.

ನಾನೂ ಬಿಡುವವಳಾಗಿರಲಿಲ್ಲ. ಕಾಲೇಜಿನ ಕ್ಯಾಂಟೀನಿನಲ್ಲಿ ಸ್ಟೀಲ್ ತಟ್ಟೆ ಬಿದ್ದರೆ ನನ್ನ ಕೈ ಮೇಜಿನ ಅಂಚು ಹಿಡಿಯುತ್ತಿತ್ತು. ನಿದ್ದೆ ಹತ್ತಿದ ಕೂಡಲೇ ಎಡ ಚಕ್ರ ನಾಲೆಯ ಕಡೆ ಹೊರಡುತ್ತಿತ್ತು. ಎಚ್ಚರವಾಗಿ ಬಿದ್ದುಕೊಂಡು, ಕುಣಿಗಲ್‌ನವನನ್ನು ಮನಸ್ಸಿನಲ್ಲೇ ಆ ಕಾರಿನಲ್ಲಿ ಕೂರಿಸಿ, ಮರವಿಲ್ಲದ ಕಡೆ ಬಿಡುತ್ತಿದ್ದೆ. ಅದರಿಂದ ಒಂದಿಷ್ಟು ಸಮಾಧಾನವಾಗುತ್ತಿತ್ತು.

ಮಾವ ಮನೆಗೆ ಬಂದ ಮೇಲಿನ ಭಾನುವಾರ ಅತ್ತೆ ವೈರ್ ಬುಟ್ಟಿಯಲ್ಲಿ ಪೇಂಟು ಕರಗಿಸುವ ಥಿನ್ನರ್, ಸೀಮೆಎಣ್ಣೆ ಬಾಟಲು, ಹಿತ್ತಾಳೆ ಬ್ರಷ್ಷು, ಕುಂಕುಮದ ಭರಣಿ ಇಟ್ಟುಕೊಂಡು ಕುಣಿಗಲ್ ಬಸ್ಸು ಹತ್ತಿದರು. ನಾನೂ ಹೋದೆ. ಹಳೆ ಕಾರಿನ ಹುಚ್ಚಿನವರೆಲ್ಲ ಅವನ ಅಂಗಡಿಯಲ್ಲಿ ಸೇರುವುದು ಭಾನುವಾರವೇ. ಅವತ್ತೂ ಏಳೆಂಟು ಜನರಿದ್ದರು.

ನಮ್ಮನ್ನು ಕಂಡು ಅವನ ಮುಖ ಬಿಗಿಯಿತು. “ಬನ್ನಿ ಅಕ್ಕ. ಭಾವ ಹೆಂಗವ್ರೆ?”

“ಬಲಗಡೆ ಸ್ಟೇರಿಂಗ್ ಆರ್ಮ್ ಬೇಕಿತ್ತು” ಎಂದರು ಅತ್ತೆ, ಮೆಟ್ಟಿಲ ಮೇಲೆ ಕೂರುತ್ತ. ಯಾವ ಕಾರಿನದು ಎಂದೂ ಹೇಳಿದರು.

“ಅದಿಲ್ಲ ಅಕ್ಕ.”

ಪಕ್ಕದಲ್ಲಿ ನಿಂತಿದ್ದ ಕನ್ನಡಕದ ಗಿರಾಕಿಯೊಬ್ಬರು, “ಇದೇ ಅಲ್ವೇನ್ರೀ? ನನಗೆ ಅಂತ ಎತ್ತಿಟ್ಟಿದ್ರಲ್ಲ?” ಎಂದು ಗಲ್ಲಾದ ಹಿಂದಿನಿಂದ ಒಂದನ್ನು ತೆಗೆದು ತೋರಿಸಿದರು. ಕಪ್ಪಗೆ ಕನ್ನಡಿಯಂತೆ ಹೊಳೆಯುತ್ತಿತ್ತು. ರಸ್ತೆಯಾಚೆ ಅವರ ಕಾರು ನಿಂತಿತ್ತು, ಒಳಗೆ ಅವರ ಹೆಂಡತಿ ಕೂತು ಮೋಸಂಬಿ ಸುಲಿಯುತ್ತಿದ್ದರು.

ಅತ್ತೆ ಥಿನ್ನರನ್ನೂ ಬ್ರಷ್ಷನ್ನೂ ಮೆಟ್ಟಿಲ ಮೇಲಿಟ್ಟರು. ತಾವು ಮುಟ್ಟಲಿಲ್ಲ.

“ತೊಳಿ.”

“ಪೇಂಟ್ ಹಾಳಾಗುತ್ತೆ ಅಕ್ಕ.”

“ಹಾಳಾಗ್ಲಿ ಅಂತಾನೇ ಬಂದಿರೋದು. ನಾನು ಕಲಿಸ್ದಂಗೆ ತೊಳಿ.”

“ಗಲಾಟೆ ಮಾಡೋಕೆ ಬಂದಿದೀರಾ?”

“ದನಿ ಎತ್ತಿದ್ನಾ ನಾನು? ಇವ್ರನ್ನೇ ಕೇಳು.”

ಕನ್ನಡಕದವರು, “ತೊಳೀರಿ, ಅದರಲ್ಲೇನಿದೆ?” ಎಂದರು. ಬೇರೆ ದಾರಿಯಿಲ್ಲದೆ ಅವನು ಕುಕ್ಕರುಗಾಲಲ್ಲಿ ಕೂತ. ನಡುವೆ ಉಜ್ಜಿದ, ತುದಿಯ ತೂತಿನ ಸುತ್ತ ಉಜ್ಜಿದ. ತೋಳು ಬಾಗುವ ಮೂಲೆಗೆ ಮಾತ್ರ ಬ್ರಷ್ಷು ಹೋಗಲೇ ಇಲ್ಲ. ಎರಡು ಸಲ ಹತ್ತಿರ ಬಂದು ಎರಡು ಸಲವೂ ಸುತ್ತಿಕೊಂಡು ಹೋಯಿತು. ಅದನ್ನು ನೋಡುತ್ತ ನಿಂತವರಿಗೆ ಅಷ್ಟಕ್ಕೇ ಅರ್ಧ ಅರ್ಥವಾಗಿತ್ತು.

“ಅಲ್ಲಿ” ಎಂದರು ಅತ್ತೆ.

ಅವನು ಉಜ್ಜಿದ. ಪುಟ್ಟಿ ಎದ್ದಿತು. ಮೂರು ಚುಕ್ಕೆ ಕಂಡವು. ಅತ್ತೆ ಸೀಮೆಎಣ್ಣೆ ಸುರಿಸಿ, ನೆನೆಯಲು ಬಿಟ್ಟು, ಒರೆಸಿಸಿದರು. ಆಮೇಲೆ ಭರಣಿ ತೆರೆದು, ದೇವರಿಗೆ ಕುಂಕುಮ ಹಾಕುವ ಹಾಗೆ ಮೂರು ಬೆರಳಲ್ಲಿ ಪುಡಿ ಉದುರಿಸಿದರು. ಬಿಳಿಯ ಮೇಲೆ ಕಪ್ಪು ಗೆರೆಯೊಂದು ಮೆಲ್ಲಗೆ ಹುಟ್ಟಿ, ಮೂಲೆ ಸುತ್ತಿ, ಆ ಕಡೆಯವರೆಗೂ ಹೋಯಿತು.

“ಈಗ ಇದನ್ನ ನಿನ್ನ ಗಾಡಿಗೆ ಹಾಕು. ಹೆಂಡ್ತಿ ಮಕ್ಳನ್ನ ಕೂರಿಸ್ಕೊಂಡು ಗುಬ್ಬಿ ತನಕ ಹೋಗಿ ಬಾ. ನಾನಿಲ್ಲೇ ಕೂತಿರ್ತೀನಿ” ಎಂದರು ಅತ್ತೆ.

“ಆಗಲ್ಲ ಅಕ್ಕ” ಎಂದ ಅವನು.

“ಯಾಕೆ ಆಗಲ್ಲ? ನಿನ್ ಬಾಯಲ್ಲೇ ಹೇಳು.”

“ಮುರಿಯುತ್ತೆ ಅಕ್ಕ.”

“ಅವ್ರಿಗೆ ಕೇಳಿಸ್ಲಿಲ್ಲ.”

“ಮುರಿಯುತ್ತೆ” ಎಂದ, ಈ ಸಲ ಎಲ್ಲರಿಗೂ ಕೇಳುವಂತೆ.

ಕನ್ನಡಕದವರು ರಸ್ತೆಯಾಚೆ ತಮ್ಮ ಹೆಂಡತಿಯ ಕಡೆ ನೋಡಿದರು. ಉಳಿದವರು ತಾವು ಆರಿಸಿಟ್ಟುಕೊಂಡಿದ್ದ ಸಾಮಾನನ್ನು ಕೈಗೆತ್ತಿಕೊಂಡು ಜೇಬಿನ ಕೀಲಿಯಿಂದ ಪೇಂಟು ಕೆರೆಯತೊಡಗಿದರು. ಅಂಗಡಿಯ ತುಂಬ ಕೀಲಿ ಕೆರೆಯುವ ಸದ್ದು. ಅದನ್ನು ಕೇಳುತ್ತ ನನಗಾದ ಸಂತೋಷವನ್ನು ನಾನು ಮುಚ್ಚಿಡುವುದಿಲ್ಲ.

ಆದರೂ ಅವತ್ತು ನಿದ್ದೆ ಬರಲಿಲ್ಲ. ಅತ್ತೆಗೂ ಬಂದಿರಲಿಕ್ಕಿಲ್ಲ. ಕುಣಿಗಲ್‌ನಿಂದ ತಂದ ಆ ಆರ್ಮನ್ನು ಮಾರನೆಯ ಬೆಳಿಗ್ಗೆ ಅಂಗಳದ ಕಲ್ಲಿನ ಮೇಲಿಟ್ಟು ದೊಡ್ಡ ಸುತ್ತಿಗೆಯಿಂದ ತಾವೇ ಒಡೆದರು. “ಅವ್ನು ಚುಕ್ಕೆ ಮುಚ್ಚಿದ. ನಾನು ಚುಕ್ಕೆ ಇಟ್ಟು ಸುಮ್ನಾದೆ” ಎಂದರು. ಅಲ್ಲಿಂದ ಮುಂದೆ ಗೆರೆ ಬಂದ ಯಾವುದೂ ಇಡಿಯಾಗಿ ಆ ಅಂಗಡಿ ದಾಟಲಿಲ್ಲ.

ಅವನ ವ್ಯಾಪಾರ ನಿಂತಿತು. ಮಾರಿದ ಸಾಮಾನೆಲ್ಲ ಒಂದೊಂದಾಗಿ ಅವನ ಬಾಗಿಲಿಗೆ ವಾಪಸ್ ಬಂತು. ಕೆಲವು ತಿಂಗಳಾದ ಮೇಲೆ ಟೆಂಪೋದಲ್ಲಿ ಎಲ್ಲವನ್ನೂ ಹೇರಿಕೊಂಡು ಬಟವಾಡಿಗೆ ಬಂದ. “ನೀವು ನೋಡಿ ಆಗುತ್ತೆ ಅಂದ್ರೆ ಜನ ತಗೋತಾರೆ ಅಕ್ಕ.” “ಬಾಗಿಲು ಹಾಕಿ” ಎಂದೆ ನಾನು. ಅತ್ತೆ ನನ್ನ ಮಾತು ಕೇಳಲಿಲ್ಲ.

“ನೋಡ್ತೀನಿ. ತೊಳೆಯೋನು ನೀನು. ಗೆರೆ ಬಂದಿದ್ದನ್ನ ಒಡೆಯೋನೂ ನೀನೇ. ಅವ್ರು ನೋಡ್ತಾ ಕೂತಿರ್ತಾರೆ” ಎಂದು ಮಾವನ ಕುರ್ಚಿಯನ್ನು ಅಂಗಳಕ್ಕೆ ಹಾಕಿಸಿದರು. ಮಾವ ಮಡಿಲಲ್ಲಿ ಆ ಕೈ ಇಟ್ಟುಕೊಂಡು ಕೂತರು. ಅದನ್ನು ನೋಡದೆ ಅವನು ಒಂದು ಬೋಲ್ಟನ್ನೂ ತೊಳೆಯುವಂತಿರಲಿಲ್ಲ. ಕ್ಲಿನಿಕ್ಕಿಗೆ ಬಂದವರೂ ನಿಂತು ನೋಡಿದರು.

ಅತ್ತೆ ಹೋಗಿ ಒಂದು ವರ್ಷವಾಗುತ್ತ ಬಂತು. ಜ್ವರವೆಂದು ಮಲಗಿದವರು ಏಳಲಿಲ್ಲ. ಹಿತ್ತಾಳೆ ಬ್ರಷ್ಷು, ಕುಂಕುಮದ ಭರಣಿ ಈಗ ನನ್ನ ಬಳಿ ಇವೆ. ನನ್ನ ಸಿಟ್ಟನ್ನು ಅವರು ಬಿಡಿಸಲು ನೋಡಲಿಲ್ಲ. ಅದಕ್ಕೆ ಮಾಡಲು ಒಂದು ಕೆಲಸ ಕೊಟ್ಟರು. ಆ ಋಣ ನನ್ನ ಮೇಲಿದೆ.

ಅವನು ಟೆಂಪೋ ತಂದ ದಿನ ಮಧ್ಯಾಹ್ನ ಊಟ ಮಾಡಿ, ಅಂಗಳದ ಪಕ್ಕದ ಕೋಣೆಯಲ್ಲಿ ಚಾಪೆ ಹಾಸಿ ಒರಗಿದೆ. ಹೊರಗೆ ಅತ್ತೆ “ಗೆರೆ ಬಂತು, ಒಡಿ” ಎನ್ನುತ್ತಿದ್ದರು. ಅವನು ಒಡೆಯುತ್ತಿದ್ದ. ಟಣ್. ಮತ್ತೆ ಟಣ್. ನಾಲೆಯ ಪಕ್ಕದಲ್ಲಿ ಕೇಳಿದ ಅದೇ ಸದ್ದು. ಆದರೆ ಈಗ ಮುರಿಯುತ್ತಿದ್ದುದು ಅವನದು, ಅವನ ಕೈಯಿಂದಲೇ. ಇನ್ನೊಂದು, ಇನ್ನೊಂದು ಎಂದು ಕೇಳುತ್ತ ಮಲಗಿದ್ದೆ. ಯಾವ ಏಟಿಗೆ ಕಣ್ಣು ಮುಚ್ಚಿತೋ ತಿಳಿಯದು. ಕಣ್ಣು ಬಿಟ್ಟಾಗ ಕಿಟಕಿಯಲ್ಲಿ ಮಾರನೆಯ ಬೆಳಗಿನ ಬಿಸಿಲು, ಬಾಗಿಲಲ್ಲಿ ಕಾಫಿ ಲೋಟ ಹಿಡಿದ ಅತ್ತೆ.

“ಏಳೇ, ಕಾಲೇಜಿಗೆ ಹೊತ್ತಾಯ್ತು” ಎಂದರು. “ಸೀಮೆಸುಣ್ಣ ಮುಗ್ದೋಯ್ತು, ಬರ್ತಾ ತಗೊಂಬಾ.”