ಬೀಗದ ಆಚೆಗಿದ್ದ ತಾಯಿ

ಅಳುತ್ತಿದ್ದ ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಪೇಟೆಯ ಸಭಾಂಗಣದ ಮುಂದೆ ನಿಂತೆ. ಬಾಗಿಲಿಗೆ ಬೀಗ ಹಾಕಿತ್ತು. ಕೂಸಿನ ತಾಯಿ ಒಳಗಿದ್ದಳು. ಅಸ್ಸಾಮಿನವಳು, ಪಕ್ಕದ ಎಸ್ಟೇಟಿನಲ್ಲಿ ಕಾಫಿ ಕೊಯ್ಯುವವಳು. ಕೆಲಸಕ್ಕೆ ಹೋಗುವಾಗ ಕೂಸನ್ನು ನನ್ನ ಹತ್ತಿರ ಬಿಡುತ್ತಿದ್ದಳು. ಅವತ್ತು ಪೊಲೀಸರು ಬಂದು, ಬಾಂಗ್ಲಾದವರಿರಬೇಕು ಎಂದು ತೋಟದಿಂದಲೇ ಅಸ್ಸಾಮಿನ ಕೆಲಸದವರನ್ನೆಲ್ಲ ಜೀಪು ಹತ್ತಿಸಿಕೊಂಡು ಹೋಗಿದ್ದರು. ಕೂಸು ಬಾಟಲಿ ಹಾಲನ್ನು ಬಾಯಿಗೇ ಸೇರಿಸಲಿಲ್ಲ.

"ವಿಚಾರಣೆ ಮುಗಿಯೋಗಂಟ ಯಾರ್ನೂ ಒಳಕ್ಕೆ ಬಿಡಂಗಿಲ್ಲ ಅಜ್ಜಿ," ಎಂದ ಕಾವಲಿನ ಪೊಲೀಸು.

"ಅವಳು ಯಾವ ದೇಶದೋಳೋ ನೀನೇ ವಿಚಾರಿಸ್ಕೊ. ಪೈರು ಮೇಯ್ದ ಹಸೂನ ದೊಡ್ಡಿಗೆ ಕೂಡಿದ್ರೂ ಕರೂನ ಒಳಕ್ಕೆ ಬಿಟ್ಟು ಹಾಲು ಕುಡಿಸ್ತೀವಿ ಕಣಪ್ಪ. ಇದಕ್ಕೆ ಹಸಿವಾಗೈತೆ. ಬೀಗ ತೆಗಿ."

ಅವನು ಫೋನಿನಲ್ಲಿ ಯಾರನ್ನೋ ಕೇಳಿ, ಆಮೇಲೆ ತೆಗೆದ. ಅವಳು ನೆಲದ ಮೇಲೆ ಕೂತು, ನಮಗೆಲ್ಲ ಬೆನ್ನು ತಿರುಗಿಸಿ ಕೂಸಿಗೆ ಹಾಲು ಕೊಟ್ಟಳು. ಅದನ್ನು ಅವಳ ಮಡಿಲಲ್ಲೇ ಬಿಟ್ಟು ಬಂದೆ.

ಮಾರನೆಯ ದಿನ ಬುತ್ತಿ ತೆಗೆದುಕೊಂಡು ಹೋದರೆ ಸಭಾಂಗಣ ಖಾಲಿ. ಎಲ್ಲಿಗೆ ಸಾಗಿಸಿದರೆಂದು ಹೇಳುವವರಿಲ್ಲ. ಹಸುವಾದರೆ ಯಾವ ದೊಡ್ಡಿಯಲ್ಲಿದೆ ಎಂದಾದರೂ ತಿಳಿಸುತ್ತಾರೆ. ಕೂಸು ತಾಯಿಯ ಹತ್ತಿರ ಇದೆ ಎನ್ನುವುದಷ್ಟೇ ನನಗೆ ಗೊತ್ತು.