ಗಿರಗಿಟ್ಲೆಯ ಮೂರನೇ ಗುಡ್ಡ

ನನ್ನ ತಂಗಿಯನ್ನು ಬೀದಿಯವರೆಲ್ಲ ಗಿರಗಿಟ್ಲೆ ಎಂದೇ ಕರೆಯುವುದು. ಕೂತಲ್ಲಿ ಕೂರದ ಹುಡುಗಿಗೆ ಅಮ್ಮ ಇಟ್ಟ ಅಡ್ಡಹೆಸರು, ಹಾಗೇ ಅಂಟಿಕೊಂಡಿತು. ಗಟ್ಟಿಮುಟ್ಟಾದ ಗಂಡಸರು ಸೈಕಲ್ ಇಳಿದು ತಳ್ಳಿಕೊಂಡು ಹೋಗುವ ನಮ್ಮ ಬೀದಿಯ ಏರನ್ನು ಅವಳು ಸೀಟಿನ ಹಿಂದೆ ಬ್ರೆಡ್ಡಿನ ಪೆಟ್ಟಿಗೆ ಕಟ್ಟಿಕೊಂಡು, ಸೀಟಿನಿಂದ ಎದ್ದು ನಿಂತು, ಒಂದೇ ಉಸಿರಿಗೆ ಹತ್ತುತ್ತಿದ್ದಳು. ಒಡಹುಟ್ಟಿದವಳು ಹೊಗಳಬಾರದಂತೆ. ನಾನು ಹೊಗಳುತ್ತೇನೆ, ಬೇಡವೆನ್ನುವವರು ಕಿವಿ ಮುಚ್ಚಿಕೊಳ್ಳಲಿ.

ಅವಳು ಕೆಲಸಕ್ಕಿದ್ದ ಬೇಕರಿ ಗುಡ್ಡದ ಈ ಕಡೆ, ದಿನಾ ಬ್ರೆಡ್ ಒಯ್ದು ಕೊಡಬೇಕಾದ ಆಸ್ಪತ್ರೆ ಆ ಕಡೆ. ನಡುವೆ ಒಂದು ಏರು, ಆಮೇಲೆ ಅಷ್ಟೇ ಉದ್ದದ ಇಳಿಜಾರು. ಬೇಕರಿ ಯಜಮಾನರು ಮೊದಲ ದಿನವೇ ಅವಳಿಗೆ ಹೇಳಿದ್ದರು: "ಏರಲ್ಲಿ ನಿಲ್ಲಬೇಡ, ನಿಂತ್ರೆ ಈ ಭಾರಕ್ಕೆ ಮತ್ತೆ ಹೊರಡೋಕಾಗಲ್ಲ. ಇಳಿಜಾರಲ್ಲಿ ಬ್ರೇಕ್ ಬಿಡಬೇಡ. ಚಪ್ಪಟೆ ಬ್ರೆಡ್ ಯಾರು ತಿಂತಾರೆ?" ಅದನ್ನು ವರ್ಷಗಟ್ಟಲೆ ಪಾಲಿಸಿದಳು. ಸೈಕಲ್ ಕ್ಲಬ್ಬಿನವರು ಅವಳು ಗುಡ್ಡ ಹತ್ತುವುದನ್ನು ನೋಡಿ ಕರೆದುಕೊಂಡು ಹೋದರು, ಊರೂರಲ್ಲಿ ಗೆದ್ದಳು, ಕೊನೆಗೆ ವಿದೇಶದ ಒಂದು ತಂಡ ಪರೀಕ್ಷೆಗೆಂದು ಕರೆಸಿಕೊಂಡಿತು. ಹೊರಡುವಾಗ ಯಜಮಾನರು, "ಹೋಗಿ ಬಾ, ನಿನ್ನ ಕೆಲಸ ನಿನಗೇ ಇರುತ್ತೆ," ಎಂದರು. ಈಗ ಬ್ರೆಡ್ ಒಯ್ಯುವ ಹೆಂಗಸು ಸದ್ಯಕ್ಕಷ್ಟೇ ಎಂದು ನನಗೂ ಹೇಳಿದ್ದರು.

ಅಲ್ಲಿ ಅವಳಿಗಿದ್ದದ್ದು ಒಂದೇ ತೊಂದರೆ. ಏರಿನಲ್ಲಿ ಎಲ್ಲರನ್ನೂ ಹಿಂದೆ ಹಾಕುತ್ತಾಳೆ, ಇಳಿಜಾರಿನಲ್ಲಿ ಬೆರಳು ತಾನಾಗಿ ಬ್ರೇಕಿಗೆ ಹೋಗುತ್ತದೆ. ಕೊನೆಯ ರೇಸಿನ ಹಿಂದಿನ ದಿನ ಫೋನ್ ಮಾಡಿದಳು.

"ಅಕ್ಕಾ, ನಾಳೆ ಮೊದಲ ಮೂವರಲ್ಲಿ ಬಂದ್ರೆ ತಂಡದಲ್ಲಿ ಇಟ್ಕೋತಾರಂತೆ. ಇಲ್ಲಾಂದ್ರೆ ವಾಪಸ್ಸು."

"ಏನ್ ಮಾಡ್ಬೇಕಂತೆ?"

"ಗುಂಪಲ್ಲೇ ಅಡಗಿಕೊಂಡು ಕೂತಿರು, ಕೊನೇಲಿ ನುಗ್ಗು ಅಂತಾರೆ ನಮ್ಮ ಕೋಚಮ್ಮ."

"ನೀನೇನಂದೆ?"

"ಹೂಂ ಅಂದೆ."

ನನಗೆ ನಗು ಬಂತು. ಇವಳು ಹೂಂ ಎಂದು ಯಾರ ಮಾತು ಕೇಳಿದ್ದಾಳೆ!

ರೇಸಿನ ದಿನ ನನ್ನ ಹೊಲಿಗೆ ಅಂಗಡಿಯಲ್ಲಿ ಫೋನನ್ನು ದಾರದ ಡಬ್ಬಿಗೆ ಒರಗಿಸಿಟ್ಟೆ. ಯಜಮಾನರು ಮೊಣಕೈವರೆಗೆ ಮೈದಾ ಹಿಟ್ಟು ಮೆತ್ತಿಕೊಂಡೇ ಬಂದು ಸ್ಟೂಲ್ ಎಳೆದುಕೊಂಡರು. ಪ್ಯಾಂಟಿನ ತುದಿ ಮಡಿಸಿ ಹೊಲಿಸಲು ಬಂದ ಮೇಷ್ಟ್ರೂ ಅಲ್ಲೇ ನಿಂತರು. ಅದು ಮೂರು ಗುಡ್ಡಗಳ ದಾರಿ. ಮೂರನೆಯದನ್ನು ಇಳಿದರೆ ಮುಕ್ತಾಯ. ಫೋನಿನಲ್ಲಿ ಯಾರೋ ನಮಗೆ ತಿಳಿಯದ ಭಾಷೆಯಲ್ಲಿ ಒಂದೇ ಸಮನೆ ಬಡಬಡಿಸುತ್ತಿದ್ದ.

ಮೊದಲ ಗುಡ್ಡದ ಬುಡದಲ್ಲೇ ನಮ್ಮ ಗಿರಗಿಟ್ಲೆ ಎದ್ದು ನಿಂತಳು. ಅಡಗಿಕೊಳ್ಳುವುದಂತೆ! ಇಡೀ ಗುಂಪು ಕಕ್ಕಾಬಿಕ್ಕಿಯಾಯಿತು. ತುದಿ ಮುಟ್ಟುವಾಗ ಒಬ್ಬಳೇ ಇದ್ದಳು, ಇಳಿಜಾರಿನಲ್ಲಿ ಎಲ್ಲರೂ ಬಂದು ಹಿಡಿದರು. ಎರಡನೇ ಗುಡ್ಡದಲ್ಲೂ ಅದೇ ಕಥೆ.

"ಸುಸ್ತಾಗಲ್ವೇನ್ರೀ ಇವಳಿಗೆ?" ಎಂದರು ಮೇಷ್ಟ್ರು.

"ಸುಸ್ತಾಗಿರೋದು ಉಳಿದವರಿಗೆ, ಮುಖ ನೋಡಿ," ಎಂದೆ. ನಿಜ ಹೇಳಬೇಕೆಂದರೆ ಮೇಷ್ಟ್ರ ಪ್ಯಾಂಟನ್ನು ನೋಡದೆಯೇ ಹೊಲಿಯುತ್ತಿದ್ದೆ.

ಮೂರನೇ ಗುಡ್ಡದಲ್ಲಿ ಮತ್ತೆ ನುಗ್ಗಿದಳು. ಈ ಸಲ ಅವಳ ಬೆನ್ನು ಹತ್ತಿದವರು ಬೆರಳೆಣಿಕೆಯಷ್ಟು ಮಂದಿ. ಒಬ್ಬಳು ಚಕ್ರಕ್ಕೆ ಚಕ್ರ ತಾಗಿಸುವಷ್ಟು ಹತ್ತಿರ ಬಂದಳು. ಇವಳು ಹಲ್ಲು ಕಚ್ಚಿ ತುಳಿದಳು, ಆಕೆ ಹಿಂದುಳಿದಳು. ತುದಿ ಬಂತು. ಇಳಿಜಾರು ಶುರುವಾಯಿತು. ಮೊದಲ ತಿರುವಿನಲ್ಲೇ ಬೆರಳು ಬ್ರೇಕಿನ ಮೇಲೆ ಹೋದದ್ದು ಫೋನಿನಲ್ಲೂ ಕಾಣಿಸಿತು.

ಯಜಮಾನರು ಎದ್ದು ನಿಂತ ರಭಸಕ್ಕೆ ಸ್ಟೂಲ್ ಉರುಳಿತು. "ಬಿಡು ಮಗಳೇ, ಬಿಡು! ಹಿಂದೆ ಬ್ರೆಡ್ ಇಲ್ಲ ಕಣಮ್ಮಾ!"

ಸಾವಿರಾರು ಮೈಲಿ ಆಚೆ ಇದ್ದವಳಿಗೆ ಹೇಗೆ ಕೇಳಬೇಕು? ಆದರೆ ಅವಳು ಒಮ್ಮೆ ಹಿಂದೆ ತಿರುಗಿ ನೋಡಿದಳು. ಆಮೇಲೆ ತಲೆ ತಗ್ಗಿಸಿದಳು, ಬೆರಳು ಸಡಿಲಿಸಿದಳು. ಸೈಕಲ್ ಬಾಣದಂತೆ ಇಳಿಯಿತು. ಗೆರೆ ದಾಟುವ ಮುಂಚೆ ಒಬ್ಬಳು ಮಾತ್ರ ಅವಳನ್ನು ಹಿಂದೆ ಹಾಕಿದಳು. ನಮ್ಮ ಹುಡುಗಿ ಎರಡನೆಯವಳು! ನಾನು ಕೂಗಿದ ಕೂಗಿಗೆ ಪಕ್ಕದ ಅಂಗಡಿಯವರು ಓಡಿ ಬಂದರು. ಮೇಷ್ಟ್ರ ಪ್ಯಾಂಟಿನ ಒಂದು ಕಾಲಿನ ಬಾಯನ್ನೇ ಪೂರ್ತಿ ಹೊಲಿದುಬಿಟ್ಟಿದ್ದೆ. ಅವರು ಅದನ್ನೇ ಬಾವುಟದ ಹಾಗೆ ಬೀಸುತ್ತಿದ್ದರು.

ಸಂಜೆ ಫೋನ್ ಬಂತು.

"ಅಕ್ಕಾ, ಇಟ್ಕೊಂಡ್ರು ಕಣೇ."

"ಬ್ರೇಕ್ ಹೇಗೆ ಬಿಟ್ಟೆ?"

"ಎಷ್ಟು ಹತ್ರ ಬಂದ್ರೋ ಅಂತ ಹಿಂದೆ ನೋಡ್ದೆ. ಪೆಟ್ಟಿಗೆ ಇರ್ಲಿಲ್ಲ. ಇಷ್ಟು ದಿನ ಯಾಕೆ ಹಿಡೀತಿದ್ದೆ ಅಂತ ಆಗ ಗೊತ್ತಾಯ್ತು."

ಬೇಕರಿಯಿಂದ ಮತ್ತೆ ಬಂದು ಕೂತಿದ್ದ ಯಜಮಾನರಿಗೆ ಫೋನ್ ಕೊಟ್ಟೆ. ಅವಳ ದನಿ ನನಗೂ ಕೇಳಿಸುತ್ತಿತ್ತು. "ಯಜಮಾನ್ರೇ, ಬೇಜಾರ್ ಮಾಡ್ಕೋಬೇಡಿ. ಬ್ರೆಡ್ ಒಯ್ಯೋಕೆ ಇನ್ಮೇಲೆ ಬೇರೆಯವರನ್ನ ನೋಡ್ಕೋಬೇಕು ನೀವು."

ಅವರು ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡರು. ಮುಖವೆಲ್ಲ ಬೆಳ್ಳಗಾಯಿತು.

"ನೋಡ್ಕೊಂಡಾಯ್ತಮ್ಮ," ಎಂದರು. "ನೀನು ಹೊರಟ ದಿನಾನೇ ಆ ಕೆಲಸ ಈಗ ಒಯ್ಯೋ ಹೆಂಗಸಿಗೇ ಖಾಯಂ ಮಾಡ್ಬಿಟ್ಟೆ. ನೀನು ವಾಪಸ್ ಬರಲ್ಲ ಅಂತ ನಂಗೊತ್ತಿತ್ತು."