ಕಾಕಾನ ಕೆಮ್ಮು

ಕಾಕಾನ ಕೆಮ್ಮನ್ನು ಕತ್ತರಿಸಿ ಎಸೆದ ಜಾಣ ನಾನೇ. ಓಣಿಯವರು ಬಣ್ಣ ಹಚ್ಚಿ ಹೇಳುವ ಮೊದಲು ನಾನೇ ಹೇಳಿಬಿಡುವುದು ವಾಸಿ.

ಮೊನ್ನೆ ಯಾರದೋ ಮದುವೆಯ ವಿಡಿಯೋ ಎಡಿಟ್ ಮಾಡುತ್ತ ಕೂತಿದ್ದೆ. ಚಿತ್ರದ ಕೆಳಗೆ ದನಿಯ ಗೆರೆ ಓಡುತ್ತಿತ್ತು. ಬ್ಯಾಂಡ್ ಬಾಜಾ ಇದ್ದಲ್ಲಿ ಒತ್ತೊತ್ತಾದ ಗುಡ್ಡ, ಸದ್ದಿಲ್ಲದ ಕಡೆ ಸಪಾಟು ನೆಲ. ಆ ಸಪಾಟಿನಲ್ಲಿ ಒಂದು ಮುಳ್ಳು ಎದ್ದಿತ್ತು. ಹಿಗ್ಗಿಸಿ ನೋಡಿದೆ, ಕೇಳಿದೆ. ಯಾರೋ ಕೆಮ್ಮಿದ್ದರು. ಕೈ ಅಲ್ಲೇ ನಿಂತಿತು…

ನಮ್ಮ ಪಕ್ಕದ ಮನೆಯ ಕಾಕಾ ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರ್ಸಿ ಕಲ್ಲಿಗೆ ಪಾಲಿಶ್ ಹಾಕುತ್ತಿದ್ದರು. ಧೂಳು ಎದೆಗಿಳಿದು, ಮಾತಿಗಿಂತ ಮೊದಲು ಕೆಮ್ಮು ಬರುತ್ತಿತ್ತು. ಸಂಜೆ ಓಣಿಯ ತಿರುವಿನಲ್ಲಿ ಅದು ಕೇಳಿಸಿದರೆ ಸಾಕು, ಅವರ ಹೆಂಡತಿ ಕಾಕು ತವಾ ಒಲೆಗಿಟ್ಟು ರೊಟ್ಟಿ ಬಡಿಯಲು ಕೂರುತ್ತಿದ್ದರು. ಕಾಕಾ ಕೈಕಾಲು ತೊಳೆಯುವಷ್ಟರಲ್ಲಿ ಬಿಸಿ ರೊಟ್ಟಿ.

ನಾನು ಅಣಕಿಸದ ಜನ ಓಣಿಯಲ್ಲಿರಲಿಲ್ಲ. ನಮ್ಮಪ್ಪನ ಗೊರಕೆ, ಮಾಸ್ತರರ ಸೀನು, ಮೀಸೆ ಬರುವ ಮೊದಲೇ ಒಡೆದ ನನ್ನದೇ ದನಿ, ಎಲ್ಲ ಆಗಿತ್ತು. ಒಂದು ಸಂಜೆ ಕಾಕುವಿನ ಬಾಗಿಲಲ್ಲಿ ನಿಂತು ಥೇಟ್ ಕಾಕಾನ ಹಾಗೆ ಕೆಮ್ಮಿದೆ. ಒಳಗೆ ರೊಟ್ಟಿ ಬಡಿಯುವ ಸಪ್ಪಳ ಶುರುವಾಯಿತು. ಕಾಕು ಇಣುಕಿ ನೋಡಿ ನಕ್ಕರು. "ನೀ ಏನೋ ಹಾಳಾದವ್ನೇ! ಬಾ, ತವಾದ ಮ್ಯಾಲ ಅದ, ನೀನೇ ತಿನ್ನು."

ತಿಂದೆ. ನಾಚಿಕೆ ನನಗೆ ಒಗ್ಗಿ ಬಂದದ್ದಲ್ಲ.

ಮುಂದೆ ಸ್ಟುಡಿಯೋ ಸೇರಿದೆ. ಕಂಪ್ಯೂಟರಿನಲ್ಲಿ ದನಿ ಕಣ್ಣಿಗೆ ಕಾಣುತ್ತದೆಂದು ಓಣಿಗೆಲ್ಲ ಹೇಳಿಕೊಂಡು ತಿರುಗಿದೆ. ನಮ್ಮಕ್ಕನ ಮದುವೆಯಲ್ಲಿ ಕಾಕಾ ಕ್ಯಾಮೆರಾದ ಮುಂದೆ ನಿಂತು ಹರಸಿದ್ದರು. ಎಡಿಟ್ ಮಾಡುವಾಗ ನೋಡಿದರೆ, ಮಾತಿನ ಗುಡ್ಡಗಳ ನಡುವೆಲ್ಲ ಮುಳ್ಳು. ಹುಡುಕಿ ಹುಡುಕಿ ಕಿತ್ತೆ. ಕಾಕಾ ಕಲ್ಲು ನುಣುಪು ಮಾಡಿದ ಹಾಗೆ ನಾನು ಕಾಕಾನ ದನಿ ನುಣುಪು ಮಾಡಿದೆ. ಮುಗಿದ ಕ್ಯಾಸೆಟ್ಟಿನ ಮೇಲೇ ಮುಂದಿನ ಮದುವೆ ತೆಗೆಯುವುದು ನಮ್ಮ ಸ್ಟುಡಿಯೋದ ರಿವಾಜು. ಅಕ್ಕನ ಮದುವೆಯ ಕ್ಯಾಸೆಟ್ಟಿಗೂ ಅದೇ ಆಯಿತು, ಮೂಲ ದನಿ ಅಳಿಸಿಹೋಯಿತು.

ಮರುವರ್ಷ ಆ ಧೂಳೇ ಕಾಕಾನನ್ನು ಒಯ್ದಿತು…

ಕೆಲವು ದಿನ ಬಿಟ್ಟು ಕಾಕು ಸ್ಟುಡಿಯೋಕ್ಕೆ ಬಂದರು. "ಅವ್ರ ದನಿ ಒಮ್ಮಿ ಕೇಳಸೋ ಯಪ್ಪಾ. ಮನಿ ಭಾಳ ಸುಮ್ಮಗಾಗ್ಯಾದ."

ಅಕ್ಕನ ಮದುವೆಯ ಸಿ.ಡಿ. ಹಾಕಿದೆ. "ನೂರು ವರ್ಷ ಛಲೋ ಇರವ್ವಾ," ಎಂದು ಕಾಕಾ ನಕ್ಕರು. ಕಾಕು ತಲೆ ಓರೆ ಮಾಡಿ ಕಾದರು. ಮತ್ತೊಮ್ಮೆ ಹಾಕಿಸಿದರು.

"ಕೆಮ್ಮು ಎಲ್ಲಿ ಹೋಯ್ತೋ?"

"ತೆಗದೀನಿ ಕಾಕು. ಸ್ವಚ್ಛ ಮಾಡೀನಿ."

"ವಾಪಸ್ ಹಾಕು."

ಹಾಕಲು ಏನಿತ್ತು? ಕಿತ್ತ ಜಾಗವನ್ನು ಕಂಪ್ಯೂಟರಿನಲ್ಲಿ ತೋರಿಸಿದೆ, ಸಪಾಟು ಗೆರೆ. ಕಾಕು ಅದನ್ನು ಬೆರಳಿನಿಂದ ಸವರಿದರು. ನನಗೆ ತಡೆಯಲಾಗಲಿಲ್ಲ, ಮೈಕ್ ಹಿಡಿದೆ. "ನಾ ಕೆಮ್ಮಿ ಇಲ್ಲಿ ಕೂಡಸ್ತೀನಿ ಕಾಕು. ಗುರ್ತೇ ಸಿಗಂಗಿಲ್ಲ."

ಈಗ ಆ ಮನೆಯಲ್ಲಿ ಬೇರೆ ಯಾರೋ ಇದ್ದಾರೆ. ಕಾಕುವೂ ಇಲ್ಲ. ಕಾಕಾನ ಕೆಮ್ಮು ಉಳಿದಿದ್ದರೆ ನನ್ನ ಗಂಟಲಲ್ಲಿ ಮಾತ್ರ. ಆವತ್ತಿನಿಂದ ಅದನ್ನು ಹೊರಗೆ ತೆಗೆದಿಲ್ಲ. ಮೊನ್ನೆಯ ಆ ಮುಳ್ಳನ್ನೂ ಮುಟ್ಟದೆ ಮುಂದೆ ಹೋದೆ. ಯಾಕೆಂದರೆ ಕಾಕು ಅಂದು ನನ್ನ ಕೈಯಿಂದ ಮೈಕ್ ತೆಗೆದು ಮೇಜಿನ ಮೇಲಿಟ್ಟು ಹೇಳಿದ್ದರು:

"ಬ್ಯಾಡೋ. ಕೆಮ್ಮು ಕೇಳಿ ನಾ ರೊಟ್ಟಿ ಬಡೀಲಿಕ್ಕ ಕುಂತ್ರ, ಬಾಗಲದಾಗ ನೀ ನಿಂತಿರ್ತಿ."